ಹಿಂದಿನ ಶಾಕ್ ಬಿಚ್ಚದೆ ಹದಿನಾಲ್ಕೂಕಾಲು ಸೆಕೆಂಡ್

ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಡ್ರ್ಯಾಗ್ ಗಾಡಿಗೆ ಹಿಂದೆ ಶಾಕ್ ಅಬ್ಸಾರ್ಬರ್ ಏಕೆ ಎಂಬ ಪ್ರಶ್ನೆಯನ್ನು ಎರಡು ವರ್ಷ ಕೇಳಿಸಿಕೊಂಡಿದ್ದೇನೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಎಲ್ಲಿ ಹೋದರೂ ಯಮಹಾ ಆರ್‌ಎಕ್ಸ್ ಬೈಕಿನ ಹುಡುಗರದ್ದು ಒಂದೇ ಪಾಠ: ಎರಡೂ ಶಾಕ್ ಬಿಚ್ಚಿಡು, ಆ ಜಾಗಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬೋಲ್ಟ್ ಬಿಗಿ, ಗಾಡಿ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ನಾನು ಪಟ್ಟಿ ಹಾಕಿಯೂ ನೋಡಿದ್ದೇನೆ, ತೆಗೆದೂ ನೋಡಿದ್ದೇನೆ. ಕಳೆದ ಜನವರಿಯಲ್ಲಿ ಶಾಕ್ ಇರುವ ನನ್ನ ಗಾಡಿ ಕಾಲು ಮೈಲಿಯನ್ನು, ಅಂದರೆ 402 ಮೀಟರನ್ನು, ಹದಿನಾಲ್ಕೂಕಾಲು ಸೆಕೆಂಡಿನಲ್ಲಿ ಮುಗಿಸಿತು. ಒಮ್ಮೆ ಅಲ್ಲ, ಒಂದೇ ಬೆಳಗ್ಗೆ ನಾಲ್ಕು ಸಲ.

ಗಾಡಿ ಐದು ಗೇರಿನ ಟೂ ಸ್ಟ್ರೋಕ್ ಆರ್‌ಎಕ್ಸ್ 135. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 58 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 50. ಕಾಗದಪತ್ರ ಇಲ್ಲದ, ಮಳೆಯಲ್ಲಿ ನೆನೆದು ಕ್ರ್ಯಾಂಕ್ ತುಕ್ಕು ಹಿಡಿದಿದ್ದ ಗಾಡಿಯನ್ನು 28,000 ರೂಪಾಯಿಗೆ ತಂದೆ. ಅದು ರಸ್ತೆಗೆ ಇಳಿಯುವುದಿಲ್ಲ, ಇಳಿಸುವುದೂ ಇಲ್ಲ. ಊರ ಹೊರಗೆ ಸೈಟುಗಳು ಮಾರಾಟವಾಗದೆ ಬಿದ್ದಿರುವ ಒಂದು ಬಡಾವಣೆಯಿದೆ. ಅದರ ಮಾಲೀಕರನ್ನು ಕೇಳಿ, ಎರಡೂ ತುದಿಗೆ ಹಗ್ಗ ಕಟ್ಟಿ ಭಾನುವಾರ ಬೆಳಗ್ಗೆ ಓಡಿಸುತ್ತೇವೆ. ಸಮಯ ಅಳೆಯಲು ಅಕ್ಕನ ಮಗ ಎರಡು ಲೇಸರ್ ಟಾರ್ಚ್ ಮತ್ತು ಬೆಳಕಿನ ಸೆನ್ಸರ್ ಸೇರಿಸಿ ಒಂದು ಡಬ್ಬಿ ಮಾಡಿಕೊಟ್ಟಿದ್ದಾನೆ. ಅದರ ಲೆಕ್ಕ ಹೆಚ್ಚುಕಡಿಮೆ ಇರಬಹುದು ಎನ್ನುವವರು ಅದೇ ಡಬ್ಬಿಯ ಮುಂದೆ ತಮ್ಮ ಗಾಡಿ ಓಡಿಸಿ ನೋಡಲಿ.

ಮೊದಲ ಬ್ಲಾಕ್, ಅಂದರೆ ಸಿಲಿಂಡರ್, ಹಾಳಾದದ್ದು ನನ್ನ ದುರಾಸೆಯಿಂದ. ಹೊಗೆ ಹೊರಹೋಗುವ ಕಿಂಡಿಯಾದ ಎಕ್ಸಾಸ್ಟ್ ಪೋರ್ಟನ್ನು ಎತ್ತರಿಸಿದ್ದು ಸಾಲದೆಂದು ಅಗಲವನ್ನೂ 43 ಮಿಲಿಮೀಟರ್‌ವರೆಗೆ ಒಯ್ದೆ. 58ರ ಬೋರಿಗೆ ಅದು ಮುಕ್ಕಾಲು ಭಾಗಕ್ಕೆ ಬಂತು. ಪಿಸ್ಟನ್ನಿನ ರಿಂಗ್ ಪೋರ್ಟಿನೊಳಕ್ಕೆ ಉಬ್ಬಿ ಅಂಚಿಗೆ ಸಿಕ್ಕಿಕೊಂಡಿತು. ಮೂರನೇ ಓಟದಲ್ಲಿ ಚಟ್ ಎಂದ ಸದ್ದು, ಆಮೇಲೆ ಕಿಕ್ಕರ್ ಒದ್ದರೆ ಕಾಲಿಗೆ ಯಾವ ತಡೆಯೂ ಇಲ್ಲ. ಬಿಚ್ಚಿ ನೋಡಿದಾಗ ರಿಂಗಿನ ಚೂರುಗಳು ಹೆಡ್ಡಿನಲ್ಲಿ ಕುಳಿ ತೋಡಿದ್ದವು. ಬ್ಲಾಕ್, ಪಿಸ್ಟನ್, ಹೆಡ್ ಸೇರಿ ಏಳು ಸಾವಿರ ಹೋಯಿತು. ಈಗ ಅಗಲ 39 ದಾಟಿಸುವುದಿಲ್ಲ, ಮೇಲಂಚನ್ನು ಚಪ್ಪಟೆ ಬಿಡದೆ ಕಮಾನಿನಂತೆ ಉಜ್ಜುತ್ತೇನೆ. ಎತ್ತರಿಸಿದ್ದು ಎರಡು ಮಿಲಿಮೀಟರ್ ಮಾತ್ರ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ ನೋಡಿದರೆ ಪೋರ್ಟ್ ತೆರೆದಿರುವುದು 190 ಡಿಗ್ರಿಯ ಆಸುಪಾಸು ಬರುತ್ತದೆ. 200ಕ್ಕೆ ಒಯ್ದವರ ಗಾಡಿ ಕೂಗುವುದು ನಿಜ, ಆದರೆ ಅರ್ಧ ದಾರಿ ಕಳೆಯುವವರೆಗೂ ಅದರಲ್ಲಿ ಜೀವ ಇರುವುದಿಲ್ಲ.

ಲೇತ್ ಕೆಲಸವೆಲ್ಲ ಒಬ್ಬ ಅಜ್ಜನದು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಅಲ್ಲಿಯೇ ತಯಾರಾದ ಒಂದು ಹಳೆಯ ಲೇತ್ ಇಟ್ಟುಕೊಂಡಿದ್ದಾರೆ. ಹೆಡ್ಡನ್ನು ಎಷ್ಟು ಕೆರೆಯಬೇಕೆಂದು ನಾನು ಹೇಳಿದಾಗ ಅವರು ಕನ್ನಡಕದ ಮೇಲಿನಿಂದ ನೋಡಿ, "ತಮ್ಮಾ, ಮೊದಲು ಸೋಲ್ಡರ್ ತಂತಿ ಇಟ್ಟು ಅಳೆದುಕೊಂಡು ಬಾ. ಕೆರೆದದ್ದನ್ನು ಮತ್ತೆ ಅಂಟಿಸಲು ನನಗೆ ಬರುವುದಿಲ್ಲ" ಎಂದರು. ಅಳೆದೆ. ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು ಒಂದೂಕಾಲು ಮಿಲಿಮೀಟರ್‌ಗಿಂತ ಚೂರು ಹೆಚ್ಚಿತ್ತು. 0.9ಕ್ಕೆ ತಂದೆವು. ಅಲ್ಲಿಗೆ ನಿಲ್ಲಿಸದೆ 0.6 ಮಾಡಿದ ಒಂದು ಹೆಡ್ ಈಗಲೂ ನನ್ನ ಮೇಜಿನ ಮೇಲಿದೆ. ಅದರ ಅಂಚಿನ ಸುತ್ತ ಪಿಸ್ಟನ್ ತಾಗಿದ ಗುರುತು ಬಳೆಯಂತೆ ಕಾಣುತ್ತದೆ.

ಸೈಲೆನ್ಸರಿಗೆ ಬೀರು ಮಾಡುವವರಿಂದ ಉಳಿದ ತಗಡು ತಂದೆ. ನಡುವೆ ಉಬ್ಬಿದ ಆಕಾರ ಬರಲು ತಗಡನ್ನು ಕೋನ್ ಸುತ್ತಿ ಬೆಸೆಯುವುದು ಬೇಸರದ ಕೆಲಸ. ಅದಕ್ಕೆ ಎರಡು ತಗಡನ್ನು ಚಪ್ಪಟೆಯಾಗಿಯೇ ಅಂಚಿನ ಸುತ್ತ ಬೆಸೆದು, ಒಂದು ನಿಪ್ಪಲ್ ಕೂರಿಸಿ, ವಾಟರ್ ಸರ್ವಿಸ್ ಅಂಗಡಿಯ ಪಂಪಿನಿಂದ ಒಳಗೆ ನೀರು ತುಂಬಿಸಿ ಉಬ್ಬಿಸಿ ನೋಡಿದೆ. ಮೊದಲನೆಯದು ಬೆಸುಗೆ ಬಿಟ್ಟು ಅಂಗಡಿಯವನಿಗೇ ಸ್ನಾನ ಮಾಡಿಸಿತು. ಎರಡನೆಯದು ಕುಂಬಳಕಾಯಿಯಂತಾಯಿತು. ಮೂರನೆಯದು ಚೆನ್ನಾಗಿಯೇ ಬಂತು, ಆದರೆ ಅಳತೆ ನಾನು ಬಯಸಿದ್ದಾಗಿರಲಿಲ್ಲ. ಕೊನೆಗೆ ಕೋನ್ ಸುತ್ತಿಯೇ ಮಾಡಿದೆ. ಮುಂದಿನ ಪೈಪನ್ನು ಬೇಕೆಂದೇ ಉದ್ದ ಇಟ್ಟು, ಪ್ರತಿ ಭಾನುವಾರ ಅರ್ಧ ಇಂಚು ಕತ್ತರಿಸುತ್ತ ಬಂದೆ. ಉದ್ದವಿದ್ದಾಗ ಎಳೆತ ಬೇಗ ಬಂದು ಬೇಗ ಮುಗಿಯುತ್ತಿತ್ತು. ಗಿಡ್ಡವಾದಂತೆ ತಡವಾಗಿ ಬರತೊಡಗಿತು. ನಾಲ್ಕನೆಯ ಕತ್ತರಿಕೆಗೆ ಸಮಯ ಕೆಟ್ಟಿತು, ಮೂರನೆಯದಕ್ಕೆ ಹಿಂತಿರುಗಿದೆ. ಆ ಉದ್ದ ಎಷ್ಟೆಂದು ಬರೆಯುವುದಿಲ್ಲ. ನಿಮ್ಮ ಪೋರ್ಟಿಗೆ ಅದು ಹೊಂದುವುದೂ ಇಲ್ಲ.

ನಡುವೆ ಹರಳೆಣ್ಣೆಯ ಹುಚ್ಚು ಹಿಡಿಯಿತು. ಹಿಂದೆ ರೇಸಿನವರು ಹರಳೆಣ್ಣೆಯ ಆಯಿಲ್ ಬಳಸುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತು. ಚಳ್ಳಕೆರೆಯಂತಹ ಎಣ್ಣೆಯ ಊರು ಪಕ್ಕದಲ್ಲೇ ಇರುವಾಗ ಡಬ್ಬದ ಆಯಿಲಿಗೆ ದುಡ್ಡು ಏಕೆ ಸುರಿಯಬೇಕೆಂದು ಅಲ್ಲಿಂದ ಎರಡು ಲೀಟರ್ ತರಿಸಿದೆ. ಪೆಟ್ರೋಲಿನಲ್ಲಿ ಕಲಕಿದಾಗ ಸೇರಿದಂತೆ ಕಂಡಿತು. ರಾತ್ರಿ ಕಳೆದು ನೋಡಿದರೆ ಎಣ್ಣೆ ತಳದಲ್ಲಿ ಬೇರೆಯಾಗಿ ಕುಳಿತಿತ್ತು. ಮತ್ತೆ ಕಲಕಿ ಓಡಿಸಿದೆ. ವಾಸನೆ ಸೊಗಸಾಗಿತ್ತು, ಬಡಾವಣೆಯ ವಾಚ್‌ಮನ್ ಕೂಡ ಹತ್ತಿರ ಬಂದು ಮೂಸಿದ. ಆರು ಓಟಗಳಲ್ಲಿ ರಿಂಗ್ ಅಂಟಿನಿಂದ ಪಿಸ್ಟನ್ನಿನ ತೋಡಿನಲ್ಲೇ ಕಚ್ಚಿಕೊಂಡಿತು. ಉಳಿದ ಎಣ್ಣೆ ಮನೆಯಲ್ಲಿ ತಲೆಗೆ ಖರ್ಚಾಯಿತು.

ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಮ್ಯಾಗ್ನೆಟ್ ಚಕ್ರವನ್ನು ಹಗುರ ಮಾಡಿದ್ದೂ ಇಂಥದ್ದೇ ಕಥೆ. ನಿಂತಲ್ಲಿ ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಸಿಡಿಲಿನಂತೆ ಏರುತ್ತಿತ್ತು. ಕ್ಲಚ್ ಬಿಟ್ಟ ಕೂಡಲೇ ಮುಗ್ಗರಿಸುತ್ತಿತ್ತು. ಗಾಡಿಯನ್ನು ಮೊದಲ ಹತ್ತು ಮೀಟರ್ ಎಳೆಯುವುದು ಆ ಚಕ್ರದ ಭಾರವೇ ಎಂದು ತಿಳಿಯಲು ನನಗೆ 1,800 ರೂಪಾಯಿ ಬೇಕಾಯಿತು.

ಇನ್ನು ಶಾಕ್ ವಿಷಯ. ಪಟ್ಟಿ ಹಾಕಿದ ಗಾಡಿಯನ್ನು ಅಕ್ಕನ ಮಗ ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿದ. ಹೊರಡುವಾಗ ಹಿಂದಿನ ಟಯರ್ ಮೂರು ಸಲ ನೆಲ ಬಿಟ್ಟು ಪುಟಿಯುತ್ತಿತ್ತು. ಕಣ್ಣಿಗೆ ಕಾಣದ ಪುಟಿತ, ಆದರೆ ಪ್ರತಿ ಸಲವೂ ಇಂಜಿನ್ ಸುಮ್ಮನೆ ಕೂಗುವುದು ಕೇಳುತ್ತದೆ. ಟಯರಿನ ಗಾಳಿ ಇಳಿಸಿದರೆ ಸರಿಹೋಗುತ್ತದೆ ಎಂದರು. 14 ಪೌಂಡಿಗೆ ಇಳಿಸಿದೆ. ಟಯರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತುಹಾಕಿತು. ಈಗ 18 ಪೌಂಡ್ ಹಾಕುತ್ತೇನೆ, ಜೊತೆಗೆ ಟಯರ್ ಜಾರದಂತೆ ಹಿಡಿಯುವ ರಿಮ್ ಲಾಕ್ ಇದೆ.

ಆಮೇಲೆ ಶಾಕ್ ಮತ್ತೆ ಹಾಕಿ, ಸ್ಪ್ರಿಂಗ್ ಎರಡು ಸುತ್ತು ಕತ್ತರಿಸಿ ಹಿಂಭಾಗ ತಗ್ಗಿಸಿದೆ. ಅದೂ ತಪ್ಪಾಯಿತು. ಹಿಂದಿನ ಚಕ್ರ ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್, ನೆಲಕ್ಕೆ ಸಮವಾಗಿ ಮಲಗಿದರೆ ಎಳೆತ ಬಂದಾಗ ಹಿಂಭಾಗ ಕುಸಿದು ಮುಂದಿನ ಚಕ್ರ ಆಕಾಶ ನೋಡುತ್ತದೆ. ಆರ್ಮ್ ಹಿಂದಕ್ಕೆ ಇಳಿಜಾರಾಗಿದ್ದರೆ, ಅಂದರೆ ಚಕ್ರದ ಆಕ್ಸಲ್ ಆರ್ಮಿನ ಮುಂದಿನ ಕೀಲಿಗಿಂತ ಕೆಳಗಿದ್ದರೆ, ಅದೇ ಎಳೆತ ಟಯರನ್ನು ನೆಲಕ್ಕೆ ಒತ್ತುತ್ತದೆ. ಊರೆಲ್ಲ ಹಿಂದೆ ತಗ್ಗಿಸುತ್ತಿದ್ದಾಗ ನಾನು ಹಿಂದೆ ಎತ್ತರ ಉಳಿಸಿಕೊಂಡು ಮುಂದೆ ತಗ್ಗಿಸಿದ್ದು ಇದಕ್ಕೇ. ಸ್ವಿಂಗ್ ಆರ್ಮ್ ನಾಲ್ಕು ಇಂಚು ಉದ್ದವಾಯಿತು, ಚೈನಿಗೆ ಹದಿನಾರು ಲಿಂಕ್ ಸೇರಿತು. ಮುಂದಿನ ಫೋರ್ಕ್ ಪೈಪನ್ನು ಮೇಲಕ್ಕೆ ಸರಿಸಿ, ಗುಜರಿಯಿಂದ ತಂದ ಕಾರಿನ ಸೀಟ್ ಬೆಲ್ಟಿನಿಂದ ಕೆಳಕ್ಕೆ ಕಟ್ಟಿದೆ. ಹೊರಡುವಾಗ ಫೋರ್ಕ್ ಚಾಚುವುದು ನಿಂತಿತು, ಮೂತಿ ಏಳುವುದೂ ನಿಂತಿತು.

ಉಳಿದದ್ದು ಶಾಕ್‌ನ ಒಳಗಿನ ಕೆಲಸ. ಕಂಪನಿಯ ಶಾಕ್ ಬಿಚ್ಚಲಾಗದ್ದು. ಬೆನ್ನಿಗೆ ತೂತು ಕೊರೆದು, ಹಳೆಯ ಎಣ್ಣೆ ಬಸಿದು, ತೂತಿನ ಮೇಲೆ ನಟ್ ಬೆಸೆದು ಬೋಲ್ಟ್ ಹಾಕಿದೆ. ಎಣ್ಣೆ ಬಸಿಯದೆ ಬೆಸುಗೆ ಹಚ್ಚಬೇಡಿ, ನನ್ನ ಹುಬ್ಬು ಸುಟ್ಟದ್ದು ಹಾಗೆಯೇ. ಒಳಗೆ ಹಾಕಿದ್ದು ಎರಡು ಎಣ್ಣೆಗಳ ಮಿಶ್ರಣ. ಯಾವುವು, ಎಷ್ಟೆಷ್ಟು ಎಂಬುದು ನನ್ನ ಬಳಿಯೇ ಇರಲಿ. ಕೈಯಿಂದ ಒತ್ತಿ ಬಿಟ್ಟಾಗ ಸೀಟು ಒಮ್ಮೆ ಎದ್ದು ಅಲ್ಲೇ ನಿಲ್ಲಬೇಕು, ಎರಡನೆಯ ಸಲ ತೂಗಬಾರದು. ನಾಲ್ಕು ಜೊತೆ ಶಾಕ್ ಹಾಳು ಮಾಡಿದ ಮೇಲೆ ಐದನೆಯದು ಹಾಗೆ ನಿಂತಿತು.

ಚೆನ್ನೈ ಕಡೆಯ ಟ್ರ್ಯಾಕಿಗೆ ಹೋದ ಕಥೆ ಬಿಡುವಂತಿಲ್ಲ. ಏಪ್ರಿಲ್‌ನಲ್ಲಿ ಇಲ್ಲಿಯ ಮಧ್ಯಾಹ್ನದ ಬಿಸಿಲಿನಲ್ಲಿ ಜೆಟ್, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ಬಿಲ್ಲೆ, ಹೊಂದಿಸಿದ್ದೆ, ಪೆಟ್ರೋಲ್ ಸರಿಯಾಗಿದೆ ಎಂಬ ಗುರುತಾಗಿ ಪ್ಲಗ್ ಕಂದು ಬಣ್ಣಕ್ಕೆ ಬಂದಿತ್ತು, ಎದೆಯುಬ್ಬಿಸಿ ಹೋದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಅಲ್ಲಿ ಕಡಲ ಮಟ್ಟದ ಗಾಳಿ, ಅದೂ ಬೆಳಗಿನದು. ಇಲ್ಲಿಗಿಂತ ನೂರಕ್ಕೆ ಹತ್ತು ಪಾಲು ದಟ್ಟವಿದ್ದೀತು. ಅದಕ್ಕೆ ತಕ್ಕ ಪೆಟ್ರೋಲ್ ಸಿಗದೆ ಎರಡನೇ ಓಟದ ನಾಲ್ಕನೇ ಗೇರಿನಲ್ಲಿ ಪಿಸ್ಟನ್ನಿನ ತಲೆ ಎಕ್ಸಾಸ್ಟ್ ಕಡೆಗೆ ಕರಗಿ ಹೋಯಿತು. ಗೂಡ್ಸ್ ಗಾಡಿಯ ಬಾಡಿಗೆಯಲ್ಲಿ ನನ್ನ ಪಾಲೇ 9,000. ಓಡಿದ್ದು ಒಂದೂವರೆ ಓಟ. ಈಗ ಕೆಳಗಿನ ಊರಿಗೆ ಹೋದರೆ ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿ ಶುರು ಮಾಡುತ್ತೇನೆ, ಆಮೇಲೆ ಇಳಿಸುತ್ತೇನೆ. ಇಲ್ಲಿಯೂ ಜನವರಿಯ ಚಳಿಯ ಬೆಳಗ್ಗೆಗೆ ಒಂದು ಸೈಜ್ ದೊಡ್ಡದು ಬೇಕು.

ಒಟ್ಟು ಖರ್ಚು ಎಷ್ಟೆಂದು ಮನೆಯಾಕೆ ಕೇಳಿದಾಗ ತೊಂಬತ್ತು ಸಾವಿರ ಎಂದಿದ್ದೆ. ಏಳು ಪಿಸ್ಟನ್, ನಾಲ್ಕು ಬ್ಲಾಕ್, ಒಂದು ಕ್ರ್ಯಾಂಕ್, ಐದು ಜೊತೆ ಶಾಕ್ ಸೇರಿಸಿದರೆ ಒಂದು ಲಕ್ಷ ನಲವತ್ತು ಸಾವಿರ ಆಗಿರಬೇಕು. ಶುರುವಿನಲ್ಲಿ ಗಾಡಿಯ ಸಮಯ ಹದಿನಾರೂವರೆ ಸೆಕೆಂಡ್ ಇತ್ತು. ಪಟ್ಟಿ ಹಾಕಿದ್ದಾಗ, ಆ ಹೊತ್ತಿಗಿದ್ದ ಇಂಜಿನ್ನಿನಲ್ಲಿ, ಹದಿನೈದರ ಕೆಳಗೆ ಒಂದು ಸಲವೂ ಬರಲಿಲ್ಲ. ಇದೇ ಇಂಜಿನ್ನಿಗೆ ಪಟ್ಟಿ ಹಾಕಿ ಓಡಿಸಿ ತೋರಿಸು ಎಂದು ರಾಣೆಬೆನ್ನೂರಿನವರು ಹಟ ಹಿಡಿದರು. ಅದನ್ನೂ ಮಾಡಿದೆ, ಹದಿನಾಲ್ಕೂ ಮುಕ್ಕಾಲು ಬಂತು. ಅವರಲ್ಲಿ ಒಬ್ಬ ಮರುವಾರ ತನ್ನ ಶಾಕ್ ಎರಡನ್ನೂ ಗೋಣಿಚೀಲದಲ್ಲಿ ಹಾಕಿಕೊಂಡು ಬಂದು, "ಅಣ್ಣ, ನೀವೇ ಎಣ್ಣೆ ತುಂಬಿಸಿಕೊಡಿ" ಎಂದ. ತುಂಬಿಸಿಕೊಟ್ಟೆ, 600 ರೂಪಾಯಿ ತೆಗೆದುಕೊಂಡೆ, ಆಗ ಶೆಡ್ಡಿನ ಬಾಗಿಲು ಮುಚ್ಚಿತ್ತು.

ಸದ್ಯ ಮೂರನೇ ಗೇರಿನಲ್ಲಿ ಕ್ಲಚ್ ಜಾರುತ್ತಿದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಲಿವರ್ ಹಿಡಿದು ನಿಲ್ಲಲು ಬೆರಳು ಸೋಲುತ್ತದೆ. ಲಿವರಿನ ತೋಳು ಉದ್ದ ಮಾಡಿಕೊಡಿ ಎಂದು ಅಜ್ಜನ ಬಳಿ ಕೊಟ್ಟು ಬಂದಿದ್ದೇನೆ. ಬೆಳಕು ಬಿದ್ದ ಮೇಲೆ ನೋಡೋಣ ಎಂದಿದ್ದಾರೆ, ಕಣ್ಣಿನ ಆಪರೇಷನ್ ಆಗಿ ಇನ್ನೂ ಹತ್ತು ದಿನ ಕಳೆದಿಲ್ಲ.