ಹೂದಾನಿ ಆಮೇಲೆ, ಮೊದಲು ಬಕೆಟ್ಟು

ಮನೆಯಲ್ಲಿ ಹೂ ಜೋಡಿಸಿಡಲು ಹೊರಟಿದ್ದರೆ, ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಸೇವಂತಿಗೆ, ಚೆಂಡು ಹೂವಿನ ರಾಶಿ ನೋಡಿ ಕೈಚೀಲ ತುಂಬಿಸಿಕೊಳ್ಳಬೇಡಿ. ಅದರಲ್ಲಿ ಹೆಚ್ಚಿನದು ಹಾರಕ್ಕೆ ಹೋಗುವ ಬಿಡಿ ಹೂ, ಕಿಲೋ ಲೆಕ್ಕ. ಜೋಡಣೆಗೆ ಬೇಕಾದದ್ದು ಉದ್ದ ಕಡ್ಡಿಯ ಹೂ. ಗುಲಾಬಿ ಸಾಮಾನ್ಯವಾಗಿ 20ರ ಕಟ್ಟು, ಜರ್ಬೆರಾ 10ರ ಕಟ್ಟು. ಸುಗಂಧರಾಜವಾದರೆ ಡಬಲ್ ಜಾತಿಯದನ್ನು ಕಡ್ಡಿ ಸಮೇತ ಕೇಳಿ. ಹಸಿರಿಗೆ ದುಡ್ಡು ಸುರಿಯಬೇಕಿಲ್ಲ. ನಮ್ಮ ಕಡೆ ನೀಲಗಿರಿ ತೋಪುಗಳಿಗೆ ಬರವಿಲ್ಲ, ಕೇಳಿ ನಾಲ್ಕು ಕೊಂಬೆ ತಂದರೆ ಸಾಕು.

ಮೊದಲ ಸಾಮಾನು ಎರಡು ಬಕೆಟ್ಟು. ಸೋಪು ಹಾಕಿ ಉಜ್ಜಿ ತೊಳೆದಿರಬೇಕು. ಒಳಗೆ ಲೋಳೆ ಇದ್ದರೆ ಬ್ಯಾಕ್ಟೀರಿಯಾ ಕಡ್ಡಿಯ ನೀರಿನ ನಾಳಗಳನ್ನು ಮುಚ್ಚಿಬಿಡುತ್ತದೆ. ಹೂ ನೀರಲ್ಲಿ ನಿಂತೇ ಬಾಡುತ್ತದೆ. ತಂದ ಹೂವಿನ ಬುಡವನ್ನು ಒಂದು ಅಂಗುಲ ಓರೆಯಾಗಿ ಕತ್ತರಿಸಿ, ನೀರಿಗೆ ತಾಗುವ ಎಲೆಗಳನ್ನೆಲ್ಲ ಕಿತ್ತು, ಕನಿಷ್ಠ ಎರಡು ಗಂಟೆ ನೆರಳಲ್ಲಿ ನಿಲ್ಲಿಸಿ. ಗುಲಾಬಿಗೆ ಅರ್ಧ ಬಕೆಟ್ ನೀರು. ಜರ್ಬೆರಾಗೆ ಮೂರು ಅಂಗುಲ ಮೀರಬಾರದು, ಅದರ ನವಿರು ರೋಮದ ಕಡ್ಡಿ ಬೇಗ ಕೊಳೆಯುತ್ತದೆ.

ನೀರಿನ ವಿಷಯಕ್ಕೆ ಕೋಲಾರ, ಚಿಕ್ಕಬಳ್ಳಾಪುರದವರು ಹೆಚ್ಚು ಗಮನ ಕೊಡಬೇಕು. ಇಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಜರ್ಬೆರಾ, ಗ್ಲಾಡಿಯೋಲಸ್‌ಗಳಿಗೆ ಅದು ಆಗಿಬರುವುದಿಲ್ಲ. ದಳದ ಅಂಚು ಸುಟ್ಟಂತೆ ಕಂದುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಳೆ ನೀರು ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರು ಬಳಸಿ. ಹೂ ಹೆಚ್ಚು ದಿನ ಬಾಳಲು ಆ ನೀರಿಗೆ ಲೀಟರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಬಟ್ಟೆಗೆ ಹಾಕುವ ದ್ರವ ಬ್ಲೀಚ್ ಅರ್ಧ ಚಮಚ. ಬ್ಲೀಚನ್ನೂ ನಿಂಬೆರಸವನ್ನೂ ನೇರವಾಗಿ ಕಲಸಬೇಡಿ, ವಿಷದ ಗಾಳಿ ಏಳುತ್ತದೆ. ಒಂದನ್ನು ನೀರಲ್ಲಿ ಪೂರ್ತಿ ಬೆರೆಸಿದ ಮೇಲೆ ಇನ್ನೊಂದು. ಬರೀ ಸಕ್ಕರೆ ಹಾಕುವುದು ಬ್ಯಾಕ್ಟೀರಿಯಾಕ್ಕೆ ಔತಣ.

ಕತ್ತರಿಗೆ ಗಿಫ್ಟ್ ಅಂಗಡಿಗೆ ಹೋಗಬೇಡಿ. ಗೊಬ್ಬರದ ಅಂಗಡಿಯಲ್ಲಿ ದ್ರಾಕ್ಷಿ, ಗುಲಾಬಿ ತೋಟದವರು ಕೊಳ್ಳುವ ಸಿಕೇಚರ್, ಅಂದರೆ ಕೊಂಬೆ ಸವರುವ ಕತ್ತರಿ, ಸಿಗುತ್ತದೆ. ಎರಡು ಅಲಗು ಒಂದನ್ನೊಂದು ದಾಟಿ ಹೋಗುವಂಥದ್ದನ್ನೇ ಆರಿಸಿ. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವಂಥದ್ದು ಕಡ್ಡಿಯನ್ನು ಜಜ್ಜುತ್ತದೆ. ಮನೆಯ ಬಟ್ಟೆ ಕತ್ತರಿಯದೂ ಅದೇ ಕಥೆ. ತಂತಿ ಕತ್ತರಿಸಲು ಬೇರೆ ಇಕ್ಕಳ ಇರಲಿ, ಇಲ್ಲವಾದರೆ ಸಿಕೇಚರಿನ ಅಲಗಿನಲ್ಲಿ ಹಲ್ಲು ಬೀಳುತ್ತದೆ.

ಹೂ ನಿಲ್ಲಿಸುವುದಕ್ಕೆ ಮೂರು ದಾರಿ. ಹಸಿರು ಸ್ಪಂಜಿನ ಇಟ್ಟಿಗೆಯನ್ನು ಎಲ್ಲರೂ ಮೊದಲು ಕೊಳ್ಳುತ್ತಾರೆ, ಎಲ್ಲರೂ ಅಲ್ಲೇ ಎಡವುತ್ತಾರೆ. ಅದನ್ನು ನೀರಿನೊಳಗೆ ಒತ್ತಬಾರದು. ಮೇಲೆ ತೇಲಲು ಬಿಟ್ಟರೆ ತಾನಾಗಿ ಮುಳುಗುತ್ತದೆ. ಒತ್ತಿದರೆ ನಡುವೆ ಗಾಳಿ ಉಳಿದು ಒಣಗಿರುತ್ತದೆ, ಕಡ್ಡಿಯ ತುದಿ ಅಲ್ಲಿಗೇ ತಲುಪಿದರೆ ಹೂವಿಗೆ ನೀರಿಲ್ಲ. ಚುಚ್ಚಿದ ಕಡ್ಡಿಯನ್ನು ಎಳೆದು ಅದೇ ತೂತಿಗೆ ಮತ್ತೆ ಹಾಕಿದರೂ ಹಾಗೇ. ಒಮ್ಮೆ ಒಣಗಿದ ಸ್ಪಂಜು ಮತ್ತೆ ಸರಿಯಾಗಿ ನೀರು ಹೀರುವುದಿಲ್ಲ. ಪ್ಲಾಸ್ಟಿಕ್ ಬೇರೆ, ಮಣ್ಣಲ್ಲಿ ಕರಗದು.

ಅದಕ್ಕಿಂತ ಹಾರ್ಡ್‌ವೇರ್ ಅಂಗಡಿಯ ಕೋಳಿ ಜಾಲರಿ ವಾಸಿ. ಒಂದೂವರೆ, ಎರಡು ಅಂಗುಲದ ಕಣ್ಣಿನದು ಒಂದು ಅಡಿ ಚೌಕ ಕತ್ತರಿಸಿ, ಸಡಿಲ ಉಂಡೆ ಮಾಡಿ ಪಾತ್ರೆಗೆ ತುರುಕಿ. ತೊಳೆದು ವರ್ಷಗಟ್ಟಲೆ ಬಳಸಬಹುದು. ಅಗಲ ತಟ್ಟೆಯಲ್ಲಿ ನಾಲ್ಕೈದು ಹೂ ನಿಲ್ಲಿಸುವವರಿಗೆ ಮುಳ್ಳುಬಿಲ್ಲೆ ಬೇಕು, ಅಂದರೆ ಕಡ್ಡಿ ಚುಚ್ಚಿ ನಿಲ್ಲಿಸುವ ಲೋಹದ ಮುಳ್ಳುಗಳ ಭಾರದ ಬಿಲ್ಲೆ. ಜಪಾನಿನವರು ಕೆನ್ಜಾನ್ ಎನ್ನುತ್ತಾರೆ. ಮೂರು ಅಂಗುಲದ್ದು ಸಾಕು, ಮುಳ್ಳು ನೀರಲ್ಲಿ ಮುಳುಗಿರಲಿ.

ಬಾಗುವ ಕಡ್ಡಿಗೆ ಆಸರೆ ಕೊಡುವ ತಂತಿ 20, 22 ಗೇಜ್ ದಪ್ಪದ್ದಿರಲಿ. ನಂಬರು ಹೆಚ್ಚಾದಷ್ಟು ತಂತಿ ತೆಳು ಎಂಬುದು ನೆನಪಿರಲಿ. ತಂತಿಯನ್ನು ಮುಚ್ಚುವ ಹಸಿರು ಟೇಪು ಎಳೆದು ಸುತ್ತಿದರೆ ಮಾತ್ರ ಅಂಟುತ್ತದೆ.

ಹೂದಾನಿ? ಮನೆಯ ಹಿತ್ತಾಳೆ ಚೊಂಬೇ ಆದೀತು. ಹೂವಿನ ಎತ್ತರ ಪಾತ್ರೆಯ ಎತ್ತರದ ಒಂದೂವರೆ ಪಟ್ಟು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಬುಡ ಅರ್ಧ ಅಂಗುಲ ಕತ್ತರಿಸಿ. ಮಾವಿನ ಕಾಲದಲ್ಲಿ ಹಣ್ಣಾಗಲು ಕಾಯಿ ಇಟ್ಟ ಕೋಣೆಯಲ್ಲಿ ಮಾತ್ರ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್ ಹೂ ಬೇಗನೆ ಮುದುಡಿಕೊಳ್ಳುತ್ತದೆ.