ಟ್ಯೂಬ್ ಆಂಪಿನ ಬಾಯಿ ಬಿಡಿಸುವುದು ಹೇಗೆ?

ಕಾಸರಗೋಡು ಕಡೆಯ ನೀರ್ಚಾಲಿನ ನಮ್ಮ ಮನೆಯ ಚಾವಡಿಯಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೋ ಒಂದಿತ್ತು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಹಿಂದಿನ ರಟ್ಟಿನ ತೂತುಗಳಲ್ಲಿ ಕೆಂಡದ ಬೆಳಕು ಕಾಣಿಸಿ, ಅರ್ಧ ನಿಮಿಷ ಕಳೆದ ಮೇಲೆ ಸ್ವರ ಎಲ್ಲೋ ದೂರದಿಂದ ನಡೆದು ಬಂದ ಹಾಗೆ ಮೆಲ್ಲಗೆ ದೊಡ್ಡದಾಗುತ್ತಿತ್ತು. ರೇಡಿಯೋ ಕೆಟ್ಟು ಅಟ್ಟ ಸೇರಿ ಎಷ್ಟೋ ವರ್ಷದ ಮೇಲೆ ನಾನು ಗಿಟಾರಿಗೆಂದು ಒಂದು ಸೆಕೆಂಡ್‌ಹ್ಯಾಂಡ್ ಟ್ಯೂಬ್ ಆಂಪ್, ಅಂದರೆ ತಂತಿಯ ಸ್ವರವನ್ನು ವಾಲ್ವುಗಳಿಂದ ದೊಡ್ಡದು ಮಾಡುವ ಪೆಟ್ಟಿಗೆ, ಕೊಂಡೆ. ಹಿಂದಿನಿಂದ ಇಣುಕಿದರೆ ಅದೇ ಕೆಂಡ. ಅಟ್ಟ ಹತ್ತಿ ನೋಡಿದರೆ ವಾಲ್ವೂ ಅದೇ, ಇಎಲ್84. ರೇಡಿಯೋದಲ್ಲಿ ಸ್ಪೀಕರಿಗೆ ಬಲ ಕೊಡುತ್ತಿದ್ದ ಕೊನೆಯ ವಾಲ್ವ್ ಅದು. ಬ್ರಿಟನ್ನಿನ ವಾಕ್ಸ್ ಕಂಪೆನಿಯ ಹೆಸರಾಂತ ಎಸಿ30 ಆಂಪಿನಲ್ಲೂ ಇರುವುದು ಇಂಥವೇ ನಾಲ್ಕು. ಒಂದು ಕಾಲದಲ್ಲಿ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲೂ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದವು. ಹಳೆಯ ರಿಪೇರಿ ಅಂಗಡಿಗಳ ಡಬ್ಬದಲ್ಲಿ ಇಂದಿಗೂ ಒಂದೆರಡು ಸಿಕ್ಕಿದರೆ ಬಿಡಬೇಡಿ.

ಆಂಪ್ ಏನೋ ಬಂತು, ಸ್ವರ ಬರಲಿಲ್ಲ. ಆರು ತಿಂಗಳು ನಾನು ಹೊರಡಿಸಿದ್ದು ಕೊಳೆತ ಹಲಸಿನ ಹಣ್ಣಿಗೆ ಮುತ್ತಿದ ನೊಣಗಳ ಗುಂಯ್‌ಗುಟ್ಟುವಿಕೆ. ಕಾರಣ ಸಣ್ಣದು. ಎಲ್ಲರ ಹಾಗೆ ನಾನೂ ಎಡಬದಿಯ ಮೊದಲ ಗುಂಡಿಯಾದ, ಒಳಗೆ ಬರುವ ಸ್ವರವನ್ನು ಉಬ್ಬಿಸುವ ಗೇನನ್ನು ಪೂರ್ತಿ ತಿರುಗಿಸಿಯೇ ಶುರು ಮಾಡುತ್ತಿದ್ದೆ. ಈಗ ಹೊಸಬರಿಗೆ ನಾನು ಹೇಳಿಕೊಡುವುದು ಬಾಲದ ಕಡೆಯಿಂದ: ಮೊದಲು ಗೋಡೆಯ ಪ್ಲಗ್ಗು, ಆಮೇಲೆ ಸ್ಪೀಕರ್, ಹಾಗೆಯೇ ಹಿಂದೆ ಹಿಂದೆ ಬಂದು ಕಟ್ಟಕಡೆಗೆ ಗಿಟಾರು.

ಪ್ಲಗ್ಗು

ಬದಿಯಡ್ಕ ಹತ್ತಿರದ ಒಂದು ಉತ್ಸವದ ರಸಮಂಜರಿ. ಎಡಗೈ ತಂತಿಯ ಮೇಲಿತ್ತು, ಕೋರಸ್ ಹಾಡಲು ಬಾಯಿ ಮೈಕಿನ ಹತ್ತಿರ ತಂದೆ. ತುಟಿ ತಾಗಿದ್ದೇ ತಡ, ಹಲ್ಲಿನ ಬುಡದ ತನಕ ಝುಮ್ಮೆಂದಿತು. ವೇದಿಕೆಯ ಹಿಂದಿನ ಬೋರ್ಡಿನಲ್ಲಿ ಮೂರನೆಯ ತೂತು ಚಂದಕ್ಕೆ ಮಾತ್ರ ಇತ್ತು, ಅದಕ್ಕೆ ಅರ್ತಿನ ವಯರೇ ಎಳೆದಿರಲಿಲ್ಲ. ಅಂದಿನಿಂದ ಕಾರ್ಯಕ್ರಮಕ್ಕೆ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ ನೋಡುತ್ತೇನೆ. ಸೊನ್ನೆಯ ಆಸುಪಾಸಿನಲ್ಲಿದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ಬೋರ್ಡು ಸರಿಯಾಗುವ ತನಕ ಗಿಟಾರು ಮುಟ್ಟುವುದಿಲ್ಲ. ಹಮ್ಮಿಂಗ್ ನಿಲ್ಲುತ್ತದೆಂದು ಪ್ಲಗ್ಗಿನ ಮೂರನೆಯ ಪಿನ್ನು ತುಂಡರಿಸುವವರಿದ್ದಾರೆ. ಜೀವದ ಆಸೆ ಇದ್ದವರು ಆ ಕೆಲಸಕ್ಕೆ ಹೋಗಬಾರದು.

ನಮ್ಮ ಊರಿಗೆ ಆಂಪುಗಳು ಬರುವುದು ಹೆಚ್ಚಾಗಿ ಗಲ್ಫಿನಲ್ಲಿರುವ ಭಾವನವರ ಪೆಟ್ಟಿಗೆಯಲ್ಲಿ. ದುಬೈಯಿಂದ ಬಂದದ್ದಕ್ಕೆ ಚಪ್ಪಟೆ ಪಿನ್ನಿನ ಪ್ಲಗ್ಗು ಬದಲಿಸಿದರೆ ಸಾಕು, ವೋಲ್ಟೇಜಿನ ತೊಂದರೆ ಇಲ್ಲ. ಅಮೆರಿಕದಿಂದ ಬಂದದ್ದಾದರೆ ಹಿಂದೆ 120 ವೋಲ್ಟ್ ಎಂದು ಬರೆದಿರುತ್ತದೆ. ಅದನ್ನು ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಹೊಗೆಯೇ ಗತಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಅಳತೆ ನೋಡುವಾಗ ಆಂಪ್ ಹೊರಗೆ ಕೊಡುವ 15 ವಾಟನ್ನು ಲೆಕ್ಕ ಹಿಡಿಯಬೇಡಿ, ಗೋಡೆಯಿಂದ ಎಳೆಯುವ ವಾಟು ಎಷ್ಟೆಂದು ನೋಡಿ. ವಾಲ್ವ್ ಬಿಸಿ ಮಾಡುವುದಕ್ಕೇ ಬೇಕಷ್ಟು ಹೋಗುತ್ತದೆ. ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಟ್ಯೂಬ್ ಆಂಪ್ ನಡೆಸಿದರೆ ಗೊರಗೊರ ಶಬ್ದ ಬರುತ್ತದೆ, ಟ್ರಾನ್ಸ್‌ಫಾರ್ಮರೂ ಸುಮ್ಮನೆ ಬಿಸಿಯಾಗುತ್ತದೆ. ಇನ್ನು ತುಲಾ ತಿಂಗಳ ಸಂಜೆ ಮಳೆಗೆ ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಸ್ಪೀಕರ್

ಸ್ಪೀಕರ್ ವಯರ್ ಸಿಕ್ಕಿಸದೆ ಟ್ಯೂಬ್ ಆಂಪನ್ನು ಆನ್ ಮಾಡಲೇಬಾರದು. ವಾಲ್ವಿನ ಕಡೆ ವೋಲ್ಟೇಜು ಹೆಚ್ಚು, ಕರೆಂಟು ಕಡಿಮೆ. ಸ್ಪೀಕರಿನ ಕಡೆ ಅದಕ್ಕೆ ತಿರುಗಾಮುರುಗ. ಇಬ್ಬರಿಗೂ ರಾಜಿ ಮಾಡಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಒಂದು ಬದಿಯಲ್ಲಿ ಕೇಳುವವರೇ ಇಲ್ಲವೆಂದಾದರೆ ಇನ್ನೊಂದು ಬದಿಯ ವೋಲ್ಟೇಜು ಹಾರಿ, ಸುರುಳಿಯ ಇನ್ಸುಲೇಶನ್ ಸುಟ್ಟುಹೋಗಬಹುದು. ಹಿಂದೆ 8 ಓಂ, 16 ಓಂ ಎಂದು ಬರೆದ ಜಾಕುಗಳಿರುತ್ತವೆ, ಸ್ಪೀಕರಿನ ಬೆನ್ನ ಮೇಲಿರುವ ಅಂಕಿ ನೋಡಿ ಅದಕ್ಕೇ ಹಾಕಿ. ಗಿಟಾರಿನ ತೆಳು ಕೇಬಲನ್ನು ಇಲ್ಲಿಗೆ ಬಳಸಬಾರದು, ಸ್ಪೀಕರಿನ ದಪ್ಪ ಜೋಡು ವಯರೇ ಬೇಕು.

ಸ್ವರ ಕೆಡುವುದು ಹೆಚ್ಚಾಗಿ ಆಂಪ್ ಇಟ್ಟ ಜಾಗದಿಂದ. ನೆಲದ ಮೇಲೆ ಇಟ್ಟು ಎದುರು ನಿಂತು ನುಡಿಸುತ್ತೇವೆ. ಸ್ಪೀಕರಿನ ಚೂಪು ಸ್ವರ ಬೆಳಕಿನ ಕೋಲಿನ ಹಾಗೆ ನೇರ ಹೋಗುವಂಥದ್ದು, ಅದೆಲ್ಲ ನಮ್ಮ ಮೊಣಕಾಲಿಗೆ ಬಡಿಯುತ್ತದೆ. ಕಿವಿಗೆ ಮಂದ ಕೇಳಿತೆಂದು ಟ್ರೆಬಲ್ ಏರಿಸುತ್ತೇವೆ, ಎದುರು ಕೂತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ಆಂಪನ್ನು ಸ್ಟೂಲಿನ ಮೇಲೆ ಇಡಿ, ಇಲ್ಲವೇ ಮುಂದಿನ ಅಡಿಗೆ ಏನಾದರೂ ಕೊಟ್ಟು ಹಿಂದಕ್ಕೆ ವಾಲಿಸಿ. ಮನೆಯಲ್ಲಿ ನನ್ನ ಆಂಪ್ ಎರಡು ಮುರಕಲ್ಲಿನ ಮೇಲೆ ಕೂತಿದೆ. ಮೂಲೆಗೆ ತಳ್ಳಿದರೆ ಬಾಸ್ ಉಬ್ಬುತ್ತದೆ, ಗೋಡೆಯಿಂದ ಒಂದೆರಡು ಅಡಿ ಮುಂದೆ ತಂದರೆ ಇಳಿಯುತ್ತದೆ. ಯಾವ ಗುಂಡಿಯನ್ನೂ ಮುಟ್ಟದೆ ಆಗುವ ಕೆಲಸ ಇದು.

ರಸಮಂಜರಿಯ ಮೈಕ್ ಸೆಟ್ಟಿನವರಿಗೆ ಆಂಪಿನ ಎದುರು ಮೈಕ್ ಇಡುವುದೆಂದರೆ ಬೇಸರ, ಒಂದು ವಯರ್ ಕೊಡಿ, ಮಿಕ್ಸರಿಗೆ ನೇರ ಹಾಕುತ್ತೇವೆ ಎನ್ನುತ್ತಾರೆ. ಒಪ್ಪಬೇಡಿ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಸ್ವರವನ್ನು ತಾನೇ ಕತ್ತರಿಸಿ ಬಿಡುತ್ತದೆ. ಅದನ್ನು ತಪ್ಪಿಸಿ ನೇರ ಹಾಕಿದರೆ ಹಲಸಿನ ಹಣ್ಣಿನ ನೊಣಗಳು ಮತ್ತೆ ಹಾಜರು. ಶೂರ್ ಎಸ್‌ಎಂ57 ಅಥವಾ ಅಂಥದ್ದೇ ಮೈಕನ್ನು ಜಾಲರಿಗೆ ತಾಗುವಷ್ಟು ಹತ್ತಿರ, ಸ್ಪೀಕರಿನ ನಡುವೆ ಉಬ್ಬಿರುವ ಗುಬ್ಬಿಯ ಅಂಚಿಗೆ ಸರಿಯಾಗಿ ಇಡಿಸಿ. ಸ್ವರ ಚುಚ್ಚಿದರೆ ಒಂದು ಬೆರಳು ಹೊರಗೆ ಸರಿಸಿ, ಮಂಕಾದರೆ ಒಳಗೆ.

ಬಿಸಿ ಮತ್ತು ವಾಲ್ಯೂಮ್

ಏತಡ್ಕ ಕಡೆಯ ತೋಡುಗಳಿಗೆ ಬೇಸಿಗೆಯಲ್ಲಿ ಕಟ್ಟ, ಅಂದರೆ ನೀರು ತಡೆಯುವ ಒಡ್ಡು, ಕಟ್ಟುವುದನ್ನು ಕಂಡವರಿಗೆ ವಾಲ್ವ್ ಅರ್ಥ ಮಾಡಿಸುವುದು ಸುಲಭ. ಬಿಸಿಯಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಪ್ಲೇಟಿನ ಕಡೆಗೆ ಹರಿಯುತ್ತವೆ, ಅದು ತೋಡು. ನಡುವಿನ ಗ್ರಿಡ್ ಎಂಬ ತಂತಿ ಸುರುಳಿ ಕಟ್ಟದ ಹಲಗೆ. ಗಿಟಾರಿನ ಪುಟ್ಟ ವೋಲ್ಟೇಜು ಹಲಗೆಯನ್ನು ಇಷ್ಟೇ ಇಷ್ಟು ಎತ್ತಿ ಇಳಿಸುತ್ತದೆ, ಕೆಳಗೆ ನೀರು ಭೋರ್ಗರೆದು ಏರಿಳಿಯುತ್ತದೆ. ಹಲಗೆ ಪೂರ್ತಿ ಎತ್ತಿ ಆದ ಮೇಲೆ ಇನ್ನೆಷ್ಟು ಎಳೆದರೂ ನೀರು ಹೆಚ್ಚುವುದಿಲ್ಲ. ಆಗ ಅಲೆಯ ತಲೆ ಚಪ್ಪಟೆಯಾಗುತ್ತದೆ, ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ನಾವು ಡಿಸ್ಟಾರ್ಷನ್ ಎನ್ನುವುದು ಇದನ್ನೇ. ಒಳ್ಳೆಯ ಟ್ಯೂಬ್ ಆಂಪಿನಲ್ಲಿ ಈ ಚಪ್ಪಟೆಯಾಗುವಿಕೆ ಕಡಿದ ಹಾಗೆ ಆಗದೆ, ನದಿಯ ಕಲ್ಲು ಸವೆದ ಹಾಗೆ ಉರುಟಾಗಿ ಆಗುತ್ತದೆ. ಮೆಲ್ಲಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಒಡಕು ಸ್ವರದ ಗೊಗ್ಗರು.

ಆಂಪಿನಲ್ಲಿ ಇಂಥ ಹಲಗೆ ಎರಡು ಕಡೆ ಇದೆ. ಮುಂದೆ ಸಣ್ಣ ವಾಲ್ವುಗಳು: ಯುರೋಪಿನವರು ಇಸಿಸಿ83, ಅಮೆರಿಕದವರು 12ಎಎಕ್ಸ್7 ಎನ್ನುವುದು ಒಂದನ್ನೇ. ಹಿಂದೆ ದೊಡ್ಡವು: ಇಎಲ್84, ಇಎಲ್34, 6ವಿ6, 6ಎಲ್6. ಗೇನ್ ಗುಂಡಿ ಕಾಡುವುದು ಮುಂದಿನ ಸಣ್ಣವರನ್ನು ಮಾತ್ರ. ದಪ್ಪ, ಎದೆಗೆ ತಾಗುವ ಸ್ವರ ಹುಟ್ಟಬೇಕಾದರೆ ಹಿಂದಿನ ದೊಡ್ಡವರೂ ಬೆವರಬೇಕು, ಅಂದರೆ ವಾಲ್ಯೂಮ್ ಏರಬೇಕು.

ಹೀಗೆ ಮಾಡಿ. ಸ್ಟ್ಯಾಂಡ್‌ಬೈ ಸ್ವಿಚ್ ಇದ್ದರೆ ಅರ್ಧ ನಿಮಿಷ ಬಿಸಿಯಾಗಲು ಬಿಡಿ. ಗೇನ್ 3ಕ್ಕೆ, ಮಾಸ್ಟರ್ (ಒಟ್ಟು ವಾಲ್ಯೂಮ್) 3ಕ್ಕೆ ಇಟ್ಟು ಒಂದು ಇ ಕಾರ್ಡ್ ಹಿಡಿದು ಮೀಟಿ. ಇನ್ನು ಗೇನ್ ಮುಟ್ಟದೆ ಮಾಸ್ಟರನ್ನು 4, 5, 6 ಎಂದು ಏರಿಸುತ್ತಾ ಹೋಗಿ. ಮೊದಮೊದಲು ಗದ್ದಲ ಮಾತ್ರ ಹೆಚ್ಚುತ್ತದೆ. ಒಂದು ಜಾಗ ಬರುತ್ತದೆ, ಅಲ್ಲಿಂದ ಗದ್ದಲ ಅಷ್ಟಾಗಿ ಏರದೆ ಸ್ವರ ದಪ್ಪವಾಗತೊಡಗುತ್ತದೆ, ಮೀಟಿದ ಕೂಡಲೇ ಒಂಚೂರು ಅದುಮಿ ಮತ್ತೆ ಅರಳಿದ ಹಾಗೆ. ನಿಮ್ಮ ಆಂಪಿನ ಮನೆ ಅದು. ಅಲ್ಲಿ ನಿಲ್ಲಿಸಿ, ಕಡಿಮೆ ಬಿದ್ದರೆ ಮಾತ್ರ ಗೇನನ್ನು ಅರ್ಧರ್ಧ ಅಂಕಿ ಏರಿಸಿ.

ಮನೆಯವರು ಅಡಿಕೆ ಸುಲಿಯುವ ಕತ್ತಿ ಹಿಡಿದು ಬರುವುದಿಲ್ಲವೇ? ಬರುತ್ತಾರೆ. ಅದಕ್ಕೇ ಸಣ್ಣ ಆಂಪ್ ಕೊಳ್ಳಿ ಎನ್ನುವುದು. ಕಿವಿಗೆ ಸದ್ದು ಎರಡು ಪಟ್ಟು ಎನಿಸಬೇಕಾದರೆ ವಾಟು ಸುಮಾರು ಹತ್ತು ಪಟ್ಟಾಗಬೇಕು. ಅಂದರೆ 50 ವಾಟಿನ ಆಂಪ್ 5 ವಾಟಿನದ್ದಕ್ಕಿಂತ ಎರಡು ಪಟ್ಟು ಮಾತ್ರ ಜೋರು. ಒಂದೇ 6ವಿ6 ಇರುವ ಅಮೆರಿಕದ ಫೆಂಡರ್ ಕಂಪೆನಿಯ ಚಾಂಪಿನಂಥ 5 ವಾಟಿನ ಪೆಟ್ಟಿಗೆ ಮನೆಗೆ ಧಾರಾಳ, ಊರಿನ ಹಾಲಿಗೆ 15 ವಾಟು ಸಾಕು. 100 ವಾಟ್ ಕೊಂಡು 1ರಲ್ಲಿ ಇಟ್ಟು ನುಡಿಸುವುದೆಂದರೆ ಕಂಬಳದ ಕೋಣವನ್ನು ಹಟ್ಟಿಯಲ್ಲೇ ಕಟ್ಟಿ ಹಾಕಿದ ಹಾಗೆ. ಈಗಾಗಲೇ ದೊಡ್ಡದು ಕೊಂಡಾಗಿದೆ ಎನ್ನುವವರಿಗೆ ಆಂಪ್ ಮತ್ತು ಸ್ಪೀಕರ್ ನಡುವೆ ಹಾಕುವ, ಸದ್ದು ತಗ್ಗಿಸುವ ಅಟೆನ್ಯುಯೇಟರ್ ಇದೆ. ಅದರ ಓಂ ಕೂಡ ಸರಿಹೊಂದಬೇಕು.

ಒಳಗೆ ಕೈ ಹಾಕುವ ವಿಚಾರ: ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ 300–400 ವೋಲ್ಟ್ ಕಾದು ಕೂತಿರಬಹುದು. ಷಾಸಿ ಬಿಚ್ಚುವುದು ತಿಳಿದವರ ಕೆಲಸ. ಹೊರಗಿನಿಂದ ನೋಡಬೇಕಾದದ್ದು ಇಷ್ಟು. ಗಾಜಿನೊಳಗೆ ನೀಲಿ ಛಾಯೆ ಕಂಡರೆ ಹೆದರಬೇಡಿ. ಬೂದು ಬಣ್ಣದ ಪ್ಲೇಟೇ ಕೆಂಪಾಗಿ ಕಾದರೆ ಮಾತ್ರ ತಕ್ಷಣ ಆಫ್ ಮಾಡಿ. ಸಣ್ಣ ವಾಲ್ವಿಗೆ ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ, ಸ್ಪೀಕರಿನಲ್ಲಿ ಗಂಟೆ ಬಾರಿಸಿದ ಹಾಗೆ ಕೇಳಿದರೆ ಅದು ಬದಲಿಸುವ ಹೊತ್ತು. ಸಣ್ಣದನ್ನು ಹಾಗೆಯೇ ಬದಲಿಸಬಹುದು. ದೊಡ್ಡ ಜೋಡಿ ಬದಲಿಸಿದರೆ ಕೆಲವು ಆಂಪುಗಳಲ್ಲಿ ಬಯಾಸ್, ಅಂದರೆ ವಾಲ್ವ್ ಸುಮ್ಮನಿರುವಾಗ ಹರಿಯುವ ಕರೆಂಟು, ಹೊಂದಿಸಬೇಕಾಗುತ್ತದೆ. ಅದನ್ನು ತಾನೇ ಹೊಂದಿಸಿಕೊಳ್ಳುವ ಕ್ಯಾಥೋಡ್ ಬಯಾಸ್ ಇರುವವಕ್ಕೆ ಆ ರಗಳೆ ಇಲ್ಲ.

ಮೂರು ಗುಂಡಿ

ಬಾಸ್, ಮಿಡ್, ಟ್ರೆಬಲ್ ಗುಂಡಿಗಳನ್ನು 5, 5, 5ಕ್ಕೆ ಇಟ್ಟರೆ ಎಲ್ಲ ಸಮ ಎಂದು ನಂಬಿದವರೇ ಹೆಚ್ಚು. ಫೆಂಡರಿನಲ್ಲಿ ಹಾಗಲ್ಲ. 1962ರಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅಂಗಡಿಯವರು ಫೆಂಡರ್ ಬಾಸ್‌ಮ್ಯಾನನ್ನು ಮುಂದಿಟ್ಟುಕೊಂಡು ಜೆಟಿಎಂ45 ಆಂಪ್ ಕಟ್ಟಿದ್ದರಿಂದ ಮಾರ್ಷಲ್ಲಿಗೂ ಆ ಜಾಯಮಾನ ಬಂತು. ಈ ಗುಂಡಿಗಳು ಸ್ವರವನ್ನು ಕಡಿಮೆ ಮಾಡಬಲ್ಲವೇ ಹೊರತು ಸೇರಿಸಲಾರವು, ಒಂದನ್ನು ತಿರುಗಿಸಿದರೆ ಪಕ್ಕದ್ದೂ ಅಲುಗುತ್ತದೆ. ನಡುವಿಗೆ ಇಟ್ಟಾಗ ಮಿಡ್ ಒಳಗೆ ತಗ್ಗಿರುತ್ತದೆ. ಎಲ್ಲ ಸಮ ಬೇಕೆಂದರೆ ಬಾಸ್, ಟ್ರೆಬಲ್ ಎರಡನ್ನೂ ಸೊನ್ನೆಯ ಹತ್ತಿರಕ್ಕೆ ಇಳಿಸಿ ಮಿಡ್ಡನ್ನು 10ಕ್ಕೆ ಏರಿಸಬೇಕು. ಒಮ್ಮೆ ಮಾಡಿ ನೋಡಿ, ತಮಾಷೆಯಾಗಿದೆ.

ನಾನು ಮಾಡುವುದು: ಮಿಡ್ 7, ಟ್ರೆಬಲ್ 5, ಬಾಸ್ 3. ಗೇನ್ ಏರಿದಷ್ಟೂ ಬಾಸ್ ಇಳಿಸಬೇಕು, ಇಲ್ಲದಿದ್ದರೆ ಕೆಳಗಿನ ತಂತಿ ಒದ್ದೆ ಚೆಂಡೆ ಬಾರಿಸಿದ ಹಾಗೆ ಬೊದಬೊದ ಎನ್ನುತ್ತದೆ. ಒಬ್ಬರೇ ಕೋಣೆಯಲ್ಲಿ ನುಡಿಸುವಾಗ ಮಿಡ್ ಕಡಿಮೆ ಮಾಡಿ ಉಳಿದೆರಡನ್ನು ಏರಿಸಿದರೆ ಕೇಳಲು ಭಾರೀ ಚಂದ. ಆದರೆ ಕೀಬೋರ್ಡು, ರಿದಂ ಪ್ಯಾಡು, ಬಾಸ್ ಗಿಟಾರು ಸೇರಿದ ಕೂಡಲೇ ನೀವು ಮಾಯ. ತಂಡದ ಜೊತೆಗೆ ನಿಂತೇ ಗುಂಡಿ ಹೊಂದಿಸಿ.

ಪೆಡಲ್, ಕೇಬಲ್, ತಂತಿ

ಕಾಲಿನಿಂದ ಒತ್ತಿ ಸ್ವರ ಬದಲಿಸುವ ಪೆಡಲಿಗೆ ನಾನು ಹೆಚ್ಚು ಜಾಗ ಕೊಡುವುದಿಲ್ಲ. ಟ್ಯೂಬ್‌ಸ್ಕ್ರೀಮರಿನಂಥ ಒಂದಿದ್ದರೆ ಡ್ರೈವ್ ಸೊನ್ನೆಗೆ ಹತ್ತಿರ, ಲೆವೆಲ್ ಮುಕ್ಕಾಲು ಇಡಿ. ಅದು ಬಾಸ್ ಸ್ವಲ್ಪ ತೆಗೆದು ಮಿಡ್ ನೂಕಿ ವಾಲ್ವನ್ನು ಕೆರಳಿಸುತ್ತದೆ, ಗೊಗ್ಗರು ವಾಲ್ವಿನದ್ದೇ ಇರಲಿ. ಡಿಲೇ, ರಿವರ್ಬ್ ಹಾಕುವವರು ಆಂಪಿನ ಹಿಂದಿರುವ, ಗೇನಿನ ನಂತರ ಪೆಡಲ್ ಸೇರಿಸುವ ಎಫೆಕ್ಟ್ಸ್ ಲೂಪಿಗೆ ಹಾಕಿ. ಮುಂದೆ ಹಾಕಿದರೆ ಪ್ರತಿಧ್ವನಿಯೂ ಒಡೆದು ಕಲಸುಮೇಲೋಗರ.

ಕೇಬಲ್ ಉದ್ದವಾದಷ್ಟೂ ಟ್ರೆಬಲ್ ಸೋರುತ್ತದೆ, 5–6 ಮೀಟರಿಗೆ ನಿಲ್ಲಿಸಿ.

ಕೊನೆಗೆ ಉಳಿದದ್ದು ಗಿಟಾರಿನ ಮೇಲಿರುವ ಗುಂಡಿ. ಅದನ್ನು 10ರಲ್ಲೇ ಬಿಟ್ಟು ಮರೆತವರು ಆಂಪಿನ ಅರ್ಧ ರುಚಿ ನೋಡಿದವರಲ್ಲ. ಆಂಪನ್ನು ತುಸು ಹೆಚ್ಚೇ ಗೊಗ್ಗರಿಗೆ ಇಟ್ಟು, ಗಿಟಾರಿನ ವಾಲ್ಯೂಮನ್ನು 6ಕ್ಕೆ ಇಳಿಸಿ. ಹಾಡು ನಡೆಯುವಾಗ ಅಲ್ಲೇ ಇರಲಿ, ಸ್ವರ ತಿಳಿಯಾಗಿರುತ್ತದೆ. ನಡುವಿನ ಬಿಜಿಎಂ ಬಂದಾಗ ಕಿರುಬೆರಳಿನಿಂದ 10ಕ್ಕೆ ಎಳೆಯಿರಿ. ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿದಾಗ ಮದ್ದಳೆಗಾರ ಕೈ ತಗ್ಗಿಸಿ, ಪದದ ನಡುವಿನ ಬಿಡ್ತಿಗೆಗೆ ಬಿಚ್ಚಿ ಬಾರಿಸುವುದಿಲ್ಲವೇ, ಹಾಗೆ.

ತಂತಿ ಮಾತ್ರ ಹೊಸದಿರಲಿ. ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ ಉಪ್ಪುಗಾಳಿಯ ಕಾಟ ಇದೆ. ಆಟಿ ತಿಂಗಳ ಥಂಡಿಯಲ್ಲಿ ಹದಿನೈದು ದಿನ ಮುಟ್ಟದಿದ್ದರೆ ತಂತಿಗೆ ತುಕ್ಕು, ಜಾಕಿಗೆ ಹಸಿರು, ಸ್ಪೀಕರಿನ ಕಾಗದಕ್ಕೆ ಬೂಷ್ಟು. ನುಡಿಸಿದ ಮೇಲೆ ತಂತಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ನುಡಿಸಿ, ಆಂಪಿನ ಥಂಡಿ ಅದರ ಬಿಸಿಗೇ ಆರುತ್ತದೆ.