ಸ್ಯಾಂಟೊರಿನಿ ವೈನ್ ಅರ್ಥ ಆಗ್ಬೇಕಾ, ಮೊದ್ಲು ನೆಲ ನೋಡಿ

ಗ್ರೀಸ್‌ನ ಸ್ಯಾಂಟೊರಿನಿಗೆ ಹೋದೋರು ಬಿಳಿ ಮನೆ, ಸೂರ್ಯಾಸ್ತ ನೋಡ್ಕೊಂಡು ವಾಪಸ್ ಬಂದ್ಬಿಡ್ತಾರೆ. ಅಲ್ಲಿನ ವೈನ್ ಯಾಕೆ ಅಷ್ಟು ಹುಳಿ, ಅಷ್ಟು ಖಡಕ್ ಅಂತ ತಿಳ್ಕೋಬೇಕಂದ್ರೆ ಗ್ಲಾಸ್ ಹಿಡಿಯೋ ಮುಂಚೆ ಅಲ್ಲಿನ ಪಿರ್ಗೋಸ್ ಅನ್ನೋ ಹಳ್ಳಿ ಕಡೆ ಒಂದು ದ್ರಾಕ್ಷಿ ತೋಟಕ್ಕೆ ಹೋಗಿ.

ತೋಟದೋರನ್ನ ಕೇಳಿ ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿ ಕಟ್ಟಿ ನೋಡಿ. ಉಂಡೆ ಆಗಲ್ಲ, ಉದುರಿ ಹೋಗುತ್ತೆ. ಅದು ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದಾಗ ಬಿದ್ದ ಬೂದಿ, ಪ್ಯೂಮಿಸ್ ಅನ್ನೋ ತೂತು ತೂತಾದ ಹಗುರ ಕಲ್ಲಿನ ಚೂರು, ಅಲ್ಲಿನೋರು ಆಸ್ಪಾ ಅಂತಾರೆ. ಜೇಡಿ ಅಂಶ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ, ಅದೇ ಇದ್ರ ಪುಣ್ಯ, ಯಾಕಂದ್ರೆ 19ನೇ ಶತಮಾನದಲ್ಲಿ ಯೂರೋಪಿನ ತೋಟಗಳನ್ನ ಹಾಳು ಮಾಡಿದ ಫಿಲಾಕ್ಸೆರಾ ಅನ್ನೋ ಬೇರಿನ ರಸ ಹೀರೋ ಕೀಟ ಇಂಥ ಮಣ್ಣಲ್ಲಿ ಬದುಕಲ್ಲ, ಹಾಗಾಗಿ ಇಲ್ಲಿ ಬಳ್ಳಿಗಳು ಕಸಿ ಇಲ್ದೆ ಸ್ವಂತ ಬೇರಿನ ಮೇಲೇ ನಿಂತಿವೆ. ನನಗೆ ಇದು ತುಂಬ ದೊಡ್ಡ ವಿಷ್ಯ ಅನ್ಸುತ್ತೆ.

ಆಮೇಲೆ ಬಳ್ಳಿ ಹುಡುಕಿ. ಚಪ್ಪರ, ತಂತಿ ಏನೂ ಕಾಣಲ್ಲ, ಕೆಳಗೆ ಬಗ್ಗಿ ನೋಡ್ಬೇಕು. ಕೊಂಬೆಗಳನ್ನ ವರ್ಷ ವರ್ಷ ಸಿಂಬೆ ಥರ ಸುತ್ತಿ ಸುತ್ತಿ ನೆಲಕ್ಕೆ ಅಂಟಿದ ಬುಟ್ಟಿ ಮಾಡಿರ್ತಾರೆ, ಇದಕ್ಕೆ ಕುಲೂರಾ ಅಂತ ಹೆಸ್ರು. ಬೇಸಿಗೆಲಿ ಮೆಲ್ಟೆಮಿ ಅನ್ನೋ ಉತ್ತರದ ಗಾಳಿ ಜೋರಾಗಿ ಬೀಸುತ್ತೆ, ಮರಳು ಹೊಡೆಯುತ್ತೆ, ಬಿಸಿಲೂ ಹಾಗೇ, ಗೊಂಚಲು ಬುಟ್ಟಿ ಒಳಗಿದ್ರೆ ಉಳ್ಕೊಳ್ಳುತ್ತೆ.

ಸಾಧ್ಯ ಆದ್ರೆ ಬೆಳಗ್ಗೆ ಬೇಗ ಹೋಗಿ. ಬೇಸಿಗೆಲಿ ಮಳೆ ಅನ್ನೋದೇ ಇಲ್ಲ, ಆದ್ರೆ ರಾತ್ರಿ ಸಮುದ್ರದಿಂದ ಬರೋ ತೇವಾನ ಪ್ಯೂಮಿಸ್ ಸ್ಪಂಜಿನ ಹಾಗೆ ಹೀರಿ ಇಟ್ಕೊಂಡು ಬಳ್ಳಿಗೆ ನಿಧಾನಕ್ಕೆ ಕೊಡುತ್ತೆ.

ಈಗ ರುಚಿ. ಅಸಿರ್ಟಿಕೊ ದ್ರಾಕ್ಷಿಯ ಒಣ ಬಿಳಿ ವೈನ್ ಮೊದ್ಲು ತಗೊಳ್ಳಿ, ತೀರಾ ತಣ್ಣಗಿದ್ರೆ ಸ್ವಲ್ಪ ಹೊತ್ತು ಬಿಡಿ. ಅಷ್ಟು ಬಿಸಿಲಲ್ಲಿ ಹಣ್ಣಾದ್ರೂ ಈ ದ್ರಾಕ್ಷಿ ಹುಳಿ ಬಿಟ್ಕೊಡಲ್ಲ, ಮಣ್ಣಲ್ಲಿ ಪೊಟ್ಯಾಸಿಯಂ ಕಮ್ಮಿ ಇರೋದೂ ಅದಕ್ಕೆ ಒಂದು ಕಾರಣ. ಆಮೇಲೆ ವಿನ್ಸಾಂಟೊ ಕೇಳಿ, ಕೊಯ್ದ ದ್ರಾಕ್ಷಿನ ಬಿಸಿಲಲ್ಲಿ ಒಣಗ್ಸಿ ಮಾಡೋ ಸಿಹಿ ವೈನ್ ಅದು. ಸಿಹಿ ಇಳಿದ್ಮೇಲೆ ನಾಲಿಗೆ ಮೇಲೆ ಅದೇ ಹುಳಿ ಉಳಿಯುತ್ತಾ ಅಂತ ಗಮನ ಇಟ್ಟು ನೋಡಿ.